ಮೂರನೇ ಡಿಕ್ಕಿಗೆ ಹದಿನೈದು ದಿನ ರಜೆ

"ಅಲ್ಲ ತಮ್ಮಾ, ಇಷ್ಟಕ್ಕೇ ಒಂದು ಮ್ಯೂಸಿಯಂ ಬೇಕಿತ್ತಾ?" ಅಂದರು ಮಾವ. ಆಕ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿರುವ ಟಾರ್ಪೀಡೊ ಬೇ ನೌಕಾ ಮ್ಯೂಸಿಯಂ ತೋರಿಸಲು ಕರೆದೊಯ್ದಿದ್ದೆ. ಮಾವ ಕಾರವಾರದವರು, ವಿಮಾನವಾಹಕ ನೌಕೆ 'ವಿಕ್ರಮಾದಿತ್ಯ' ಬಂದು ನಿಂತದ್ದನ್ನು ಕಂಡವರು. ನ್ಯೂಜಿಲೆಂಡಿನ ಹಡಗುಗಳು ಅವರ ಕಣ್ಣಿಗೆ ಹತ್ತಲಿಲ್ಲ. ನನಗೆ ಮಾತ್ರ ಆ ಮಾತು ಚುರುಕ್ಕೆಂದಿತು.

1941ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ನೌಕಾಪಡೆಗೆ ಸ್ವಂತ ಹೆಸರು ಬಂದಾಗ ದೇಶದ ಜನಸಂಖ್ಯೆ ಹದಿನಾರು ಲಕ್ಷದ ಆಸುಪಾಸು. ಎರಡೇ ತಿಂಗಳಲ್ಲಿ ಜಪಾನ್ ಯುದ್ಧಕ್ಕಿಳಿದು ಪೆಸಿಫಿಕ್ ಸಾಗರ ಹೊತ್ತಿಕೊಂಡಿತು. 1943ರ ಜನವರಿ 29ರ ರಾತ್ರಿ ಸೊಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕೆನಾಲ್‌ನ ಕಮಿಂಬೊ ಕೊಲ್ಲಿಯಲ್ಲಿ 'ಕಿವಿ' ಮತ್ತು 'ಮೋವಾ' ಎಂಬ ಎರಡು ಪುಟ್ಟ ಹಡಗುಗಳು ಕಾವಲು ಸುತ್ತುತ್ತಿದ್ದವು. ಒಂದೊಂದೂ ಸುಮಾರು 600 ಟನ್. ಎದುರಾದದ್ದು ಜಪಾನಿನ ಐ-1 ಜಲಾಂತರ್ಗಾಮಿ, ಎರಡು ಸಾವಿರ ಟನ್ನಿಗೂ ಮಿಕ್ಕಿದ್ದು. ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬಿನ ಹೊಡೆತಕ್ಕೆ ಅದು ಮೇಲೆ ಬಂತು. ಆಗ ಕಿವಿಯ ಕ್ಯಾಪ್ಟನ್ ಗಾರ್ಡನ್ ಬ್ರಿಡ್ಸನ್, ಎಮ್ಮೆಗೆ ಆಡು ಹಾಯ್ದ ಹಾಗೆ, ಹಡಗನ್ನು ನೇರ ಅದರ ಮೇಲೆ ನುಗ್ಗಿಸಿದರು. ಒಂದು ಸಲವಲ್ಲ, ಮೂರು ಸಲ. ಇಂಜಿನಿಯರ್ ಗಾಬರಿಯಾಗಿ ತಕರಾರು ತೆಗೆದರಂತೆ. ಮೊದಲ ಡಿಕ್ಕಿಗೆ ಆಕ್ಲೆಂಡಿನಲ್ಲಿ ಶನಿವಾರ-ಭಾನುವಾರ ರಜೆ, ಎರಡನೆಯದಕ್ಕೆ ಒಂದು ವಾರ, ಮೂರನೆಯದಕ್ಕೆ ಹದಿನೈದು ದಿನ ಎಂದು ಬ್ರಿಡ್ಸನ್ ಆಸೆ ಹುಟ್ಟಿಸಿದರು ಅನ್ನುವುದು ಕತೆ. ಮೂತಿ ಜಜ್ಜಿದ ಹಡಗು ಹೇಗೂ ರಿಪೇರಿಗೆ ಊರಿಗೆ ಹೋಗಲೇಬೇಕಲ್ಲ! ಕೊನೆಗೆ ಮೋವಾ ಬೆನ್ನಟ್ಟಿ ಹೋಯಿತು, ಐ-1 ಬಂಡೆಗೆ ಸಿಕ್ಕಿಬಿತ್ತು. ಅದರೊಳಗಿಂದ ಸಂಕೇತ ಪುಸ್ತಕಗಳು ಸಿಕ್ಕವು.

ಕಿವಿಯಲ್ಲಿ ಕ್ಯಾಂಬೆಲ್ ಬ್ಯೂಕ್ಯಾನನ್ ಎಂಬ ಸಿಗ್ನಲ್‌ಮನ್ ಇದ್ದರು. ಗುಂಡು ತಗುಲಿದ್ದರೂ ಸರ್ಚ್‌ಲೈಟ್ ಬಿಡದೆ ಶತ್ರುವಿನ ಮೇಲೇ ಹಿಡಿದಿದ್ದರು, ಆಮೇಲೆ ತೀರಿಕೊಂಡರು. ಇಬ್ಬರು ಕ್ಯಾಪ್ಟನ್ನರಿಗೆ ಕೊಟ್ಟ ಅಮೆರಿಕದ ನೇವಿ ಕ್ರಾಸ್ ಪದಕವನ್ನೇ ಅವರಿಗೂ ಕೊಟ್ಟರು. ಇಲ್ಲಿ ಯಾರ ಬಾಯಲ್ಲಿ ಈ ಕತೆ ಕೇಳಿದರೂ ರಜೆಯ ಆಸೆ ಹುಟ್ಟಿಸಿಕೊಂಡ ಇಂಜಿನ್ ರೂಮು, ದೀಪ ಹಿಡಿದ ಸಿಗ್ನಲ್‌ಮನ್ ಬಂದೇ ಬರುತ್ತಾರೆ. ಅಡ್ಮಿರಲ್‌ಗಳು ಬಂದರೆ ಬಂದರು.

ನಮ್ಮಲ್ಲಿ? ಹುತಾತ್ಮರ ದಿನ ಅಂದರೆ ಶಾಮಿಯಾನ, ಮೈಕ್ ಟೆಸ್ಟಿಂಗ್, ಹಾರ-ತುರಾಯಿ. ಸ್ವಾಗತ ಭಾಷಣಕ್ಕೆ ಮುಕ್ಕಾಲು ಗಂಟೆ, ವೇದಿಕೆಯಲ್ಲಿ ಯಾರ ಕುರ್ಚಿ ಎಲ್ಲಿ ಎನ್ನುವ ಮುನಿಸು ಬೇರೆ. ಸತ್ತವನ ಹೆಸರನ್ನು ನಿರೂಪಕರು ತಪ್ಪಾಗಿ ಓದುತ್ತಾರೆ. ಅವನ ಅವ್ವ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುತ್ತಾಳೆ, ಮಗ ಹೇಗಿದ್ದ ಅಂತ ಅವಳನ್ನು ಯಾರೂ ಕೇಳುವುದಿಲ್ಲ. ಇಂಥ ಸಭೆಯಲ್ಲಿ ಬಾಳೆಹಣ್ಣು ತಿಂದು ಮನೆಗೆ ಬಂದವನು ನಾನೂ ಹೌದು.

ನ್ಯೂಜಿಲೆಂಡ್ ಪಡೆಯದೇ ದೊಡ್ಡ ಯುದ್ಧನೌಕೆ, ಕ್ರೂಸರ್ 'ಅಕಿಲೀಸ್' ವಿಷಯಕ್ಕೆ ಬನ್ನಿ. 1943ರ ಜನವರಿ 5ರಂದು ಸೊಲೊಮನ್ ದ್ವೀಪಗಳ ಬಳಿ ಜಪಾನಿ ಬಾಂಬು ಬಿದ್ದು ಅದರ ಒಂದು ಫಿರಂಗಿ ಗೋಪುರವೇ ಹಾರಿಹೋಯಿತು, 13 ಜನ ಸತ್ತರು. ಯುದ್ಧ ಮುಗಿದ ಮೇಲೆ 1948ರಲ್ಲಿ ಅದು ನಮ್ಮ ದೇಶಕ್ಕೆ ಬಂದು 'ಡೆಲ್ಲಿ' ಆಯಿತು. 1961ರಲ್ಲಿ ಪೋರ್ಚುಗೀಸರ ವಿರುದ್ಧ ದೀವ್ ಮುಂದೆ ನಿಂತದ್ದೂ ಅದೇ ಹಡಗು. ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಓ, ನೆಹರೂ ಇಂಡೋನೇಷ್ಯಾಕ್ಕೆ ಹೋದ ಹಡಗಾ?" ನೋಡಿ, ನಮ್ಮ ನೆನಪು ನಿಲ್ಲುವುದೇ ಅಲ್ಲಿ. ಹಡಗಿನಲ್ಲಿ ಯಾವ ದೊಡ್ಡವರು ಕೂತಿದ್ದರು ಎನ್ನುವುದು ಗೊತ್ತು, ಕೆಳಗೆ ಬಾಯ್ಲರ್ ಬಳಿ ಬೆಂದವರು ಯಾರೆಂದು ಗೊತ್ತಿಲ್ಲ. ಅದೇ 1961ರಲ್ಲಿ ಕಾರವಾರದೆದುರಿನ ಅಂಜದೀವು ದ್ವೀಪದಲ್ಲಿ ನಮ್ಮ ನೌಕಾಪಡೆಯ 7 ಮಂದಿ ಸತ್ತರು. ಹೋದ ಹಡಗು 'ಮೈಸೂರು' ಎಂದು ಊರಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆ ಏಳರಲ್ಲಿ ಒಂದು ಹೆಸರು ಹೇಳಿ ಅಂದರೆ ಮಾತಿಲ್ಲ.

ಮಾವನ ಪರವಾಗಿಯೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಬೆರಳೆಣಿಕೆಯ ಹಡಗುಗಳಿದ್ದರೆ ಪ್ರತಿಯೊಂದರ ಪ್ರತಿ ಆಳನ್ನೂ ನೆನೆಯಬಹುದು. ಎರಡನೇ ಮಹಾಯುದ್ಧಕ್ಕೆ ಇಪ್ಪತ್ತೈದು ಲಕ್ಷ ಸೈನಿಕರನ್ನು ಕೊಟ್ಟ ನಾಡಿಗೆ ಆ ಐಷಾರಾಮ ಎಲ್ಲಿಂದ ಬರಬೇಕು? ನ್ಯೂಜಿಲೆಂಡಿನವರ ಕತೆಯಲ್ಲೂ, ಯಾರ ಕಡಲಲ್ಲಿ ಕಾದಾಡಿದರೋ ಆ ಸೊಲೊಮನ್ ದ್ವೀಪದವರ ದನಿ ನನಗೆ ಅಷ್ಟಾಗಿ ಕೇಳಿಸಿಲ್ಲ. ಇನ್ನೊಂದು: 'ಡೆಲ್ಲಿ'ಯನ್ನು ಒಡೆಯುವ ಹೊತ್ತಿಗೆ ಅದರ ಒಂದು ಫಿರಂಗಿ ಗೋಪುರವನ್ನು ಇವರಿಗೆ ಉಡುಗೊರೆ ಕೊಟ್ಟವರು ನಾವೇ. ಇವರ ನೌಕಾನೆಲೆಯ ಬಾಗಿಲಲ್ಲಿ ಅದು ಈಗಲೂ ಇದೆ. ಅಷ್ಟೇ ಏಕೆ, ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿ ಊರ ಮುಂದೆ ನಿಲ್ಲಿಸಿದವರು ನಮ್ಮ ಹಿರಿಯರು. ಆಗ ಗೊತ್ತಿದ್ದದ್ದು ಶಾಮಿಯಾನ ಬಂದ ಮೇಲೆ ಮರೆತುಹೋಯಿತೋ ಏನೋ.

ಡಿಸೆಂಬರ್ 4ರ ನೌಕಾದಿನಕ್ಕೆ ಊರಲ್ಲಿ ಏನಾದರೂ ಮಾಡಿಸಬೇಕು ಎಂದು ಮಾವ ಈಗ ಹುರುಪಿನಲ್ಲಿದ್ದಾರೆ. ಮಾಡಲಿ. ಕಾರವಾರ, ಅಂಕೋಲದ ಕಡೆ ನಿವೃತ್ತ ನಾವಿಕರಿಗೆ ಬರವಿಲ್ಲ. ಇಂಜಿನ್ ರೂಮಿನಲ್ಲಿ ದುಡಿದ ಒಬ್ಬರನ್ನು ಹತ್ತಿಸಿ ಮೈಕು ಕೊಡಿ, ಮುಖ್ಯ ಅತಿಥಿ ಬೇಕಾದರೆ ಕೆಳಗೆ ಕೂತು ಕೇಳಲಿ ಅಂದಿದ್ದೇನೆ. "ಶಾಸಕರನ್ನು ಕೆಳಗೆ ಕೂರಿಸೋದಾ?" ಅಂತ ಮಾವ ಇನ್ನೂ ಯೋಚಿಸುತ್ತಿದ್ದಾರೆ.