ಸೀ ವ್ಯೂಗೆ ಅಡ್ಡ ಬಂದ ದಿಬ್ಬ

"ಅತ್ತೆ, ರೂಮಿಂದ ಸಮುದ್ರ ಕಾಣಬೇಕು. ಅದೊಂದು ನೋಡಿ ಬುಕ್ ಮಾಡಿ, ಉಳಿದಿದ್ದು ಹೇಗಿದ್ರೂ ನಡೀತದೆ."

ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಡಿಸೆಂಬರ್ ರಜೆಗೆ ಬರುವ ಮೊದಲು ಫೋನಿನಲ್ಲಿ ಹೇಳಿದ್ದು ಇಷ್ಟೇ. ಅವನು, ಹೆಂಡತಿ, ಎರಡು ಮಕ್ಕಳು. ನಮ್ಮನೆಯಲ್ಲೇ ಉಳೀರೋ ಅಂದರೆ ಕೇಳಲಿಲ್ಲ. ಸರಿ, ಬುಕ್ ಮಾಡಿದೆ. ನಾನೂ ಒಂದು ದಿನ ಜೊತೆಗಿದ್ದೆ. ಯಾವ ಊರು, ಯಾವ ರೆಸಾರ್ಟ್ ಅಂತ ಇಲ್ಲಿ ಬರೆಯಲ್ಲ. ಕೇಳಲೂಬೇಡಿ. ನಮ್ಮ ಕರಾವಳಿಯಲ್ಲಿ ಅಂಥದ್ದು ಒಂದೇ ಏನಿಲ್ಲ.

ರೂಮಿನ ಪರದೆ ಸರಿಸಿದರೆ ಸಮುದ್ರ ಕಂಡಿತು. ಚೆನ್ನಾಗಿಯೇ ಕಂಡಿತು. ನಡುವೆ ಒಂದು ಹುಲ್ಲುಹಾಸು, ನಾಲ್ಕು ಬಣ್ಣದ ಕುರ್ಚಿ, ಆಮೇಲೆ ಕೆಳಗಿಳಿಯಲು ಸಿಮೆಂಟಿನ ಮೆಟ್ಟಿಲು. ಮಕ್ಕಳು ಓಡಿದವು. ನಾನು ಹಿಂದೆ ಹೋದೆ. ಕೊನೆಯ ಎರಡು ಮೆಟ್ಟಿಲು ಗಾಳಿಯಲ್ಲಿ ನೇತಾಡುತ್ತಿದ್ದವು. ಕೆಳಗಿನ ಮರಳೇ ಇಲ್ಲ. ಪಕ್ಕದಲ್ಲಿ ಮರಳು ತುಂಬಿದ ಪ್ಲಾಸ್ಟಿಕ್ ಚೀಲಗಳ ಸಾಲು, ಅರ್ಧದಷ್ಟು ಹರಿದು ದಾರ ದಾರವಾಗಿ ಬಿದ್ದಿದ್ದವು.

ಆ ಜಾಗಕ್ಕೆ ನಾನು ಏಳೆಂಟು ವರ್ಷದ ಹಿಂದೆ ಬಂದಿದ್ದೆ. ಆಗ ಅಲ್ಲಿ ಆಳೆತ್ತರದ ಹೊಯ್ಗೆ ದಿಬ್ಬ, ಅಂದರೆ ಮರಳಿನ ದಿಬ್ಬ ಇತ್ತು. ಹತ್ತುವಾಗ ಕಾಲು ಹೂತು ಹೋಗುತ್ತಿತ್ತು. ತುದಿ ತಲುಪುವವರೆಗೆ ಸಮುದ್ರ ಕಾಣುತ್ತಲೇ ಇರಲಿಲ್ಲ, ಸದ್ದು ಮಾತ್ರ. ಹತ್ತಿ ನಿಂತ ಕೂಡಲೇ ಗಾಳಿ ಮುಖಕ್ಕೆ ಹೊಡೆದು ಪೂರ್ತಿ ನೀರು ಒಮ್ಮೆಲೇ ಎದುರಿಗೆ. ಈಗ ಆ ದಿಬ್ಬ ಇಲ್ಲ. ಅದು ಸೀ ವ್ಯೂಗೆ ಅಡ್ಡ ಬರುತ್ತಿತ್ತಲ್ಲ.

ಮ್ಯಾನೇಜರ್ ಒಳ್ಳೆಯ ಹುಡುಗ, ನಮ್ಮ ಕಡೆಯವನೇ. ಮೆಟ್ಟಿಲು ತೋರಿಸಿ ಕೇಳಿದೆ. "ಎರಡು ಮಳೆಗಾಲದಿಂದ ಹೀಗೇ ಅಕ್ಕಾ, ಸಮುದ್ರ ತಿಂತಾ ಬರ್ತಿದೆ. ಸರ್ಕಾರದವರು ಕಲ್ಲು ಹಾಕಿಸಿಕೊಡಬೇಕು" ಅಂದ.

ನನಗೆ ನಗು ಬಂತು, ಸಿಟ್ಟೂ ಬಂತು.

ನಾನು ಶಿರಸಿ ಕಡೆಯವಳು. ದೇವಿಮನೆ ಘಟ್ಟ ಇಳಿದು ಕುಮಟೆಗೆ ಮದುವೆಯಾಗಿ ಬಂದು 19 ವರ್ಷ ಆಯಿತು. ಚಿಕ್ಕವರಿದ್ದಾಗ ನಮಗೆ ಸಮುದ್ರ ಅಂದರೆ ವರ್ಷಕ್ಕೊಮ್ಮೆ ಗೋಕರ್ಣ. ನೀರು ನೋಡು, ಕಾಲು ತೋಯಿಸಿಕೋ, ಶೇಂಗಾ ತಿನ್ನು, ಬಸ್ಸು ಹತ್ತು. ಹಿಂದೆ ಮರಳು ಗುಡ್ಡೆ ಇದೆಯೋ ಇಲ್ಲವೋ ಯಾರು ನೋಡ್ತಾರೆ? ಹಾಗಾಗಿ ಅಣ್ಣನ ಮಗನನ್ನು ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ದಿಬ್ಬ ಏನು ಮಾಡುತ್ತದೆ ಅಂತ ತಿಳಿಯಲು ನನಗೇ ಇಲ್ಲಿ ಐದಾರು ಮಳೆಗಾಲ ಬೇಕಾಯಿತು.

ಘಟ್ಟದ ಮೇಲಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಮ್ಮಲ್ಲಿ ಬೇಸಿಗೆ ಮುಗಿಯುವುದರೊಳಗೆ ಕಟ್ಟಿಗೆ ಒಟ್ಟಿ ಇಡ್ತೇವೆ, ಹಪ್ಪಳ ಒಣಗಿಸಿ ಡಬ್ಬಿ ತುಂಬ್ತೇವೆ. ಆಷಾಢ ಶ್ರಾವಣದಲ್ಲಿ ಅದನ್ನು ತೆಗೆದು ತಿನ್ನುವುದು. ಸಮುದ್ರದ್ದೂ ಅದೇ ಲೆಕ್ಕ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳು ಎಳೆದು ಒಳಗೆ ಒಯ್ಯುತ್ತವೆ. ಆ ಮರಳು ಸ್ವಲ್ಪ ದೂರದಲ್ಲಿ ನೀರಿನಡಿ ದಿನ್ನೆಯಾಗಿ ನಿಲ್ಲುತ್ತದೆ. ಅಲೆಗಳು ಅಲ್ಲೇ ಮುರಿದು ದಡಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲಗೆ ವಾಪಸು ತರುತ್ತವೆ. ಬಿಸಿಲಿಗೆ ಒಣಗಿದ ಮರಳನ್ನು ಗಾಳಿ ಹಿಂದಕ್ಕೆ ತೂರಿ ದಿಬ್ಬ ಕಟ್ಟುತ್ತದೆ. ದಿಬ್ಬ ಅಂದರೆ ಸಮುದ್ರದ ಅಟ್ಟ. ಅದನ್ನು ಜೆಸಿಬಿ ತಂದು ಸಪಾಟು ಮಾಡಿ ಲಾನ್ ಹಾಕಿದರೆ, ಮುಂದಿನ ಆಷಾಢದಲ್ಲಿ ಅದು ಅಟ್ಟ ಹುಡುಕಿಕೊಂಡು ಬಂದು ಲಾನನ್ನೇ ಒಯ್ಯುತ್ತದೆ. ಇದರಲ್ಲಿ ಸಮುದ್ರದ ತಪ್ಪೇನಿದೆ?

ಕಲ್ಲು ಹಾಕಿಸುವುದರ ಕಥೆಯೂ ಗೊತ್ತಿದೆ. ದೊಡ್ಡ ಬಂಡೆಗಳ ತಡೆಗೋಡೆ ಕಟ್ಟಿದರೆ ಹಿಂದಿನ ಜಾಗ ಕೆಲವು ವರ್ಷ ಉಳಿಯುತ್ತದೆ, ಸುಳ್ಳಲ್ಲ. ಆದರೆ ಅಲೆ ಕಲ್ಲಿಗೆ ಬಡಿದು ವಾಪಸು ಹೋಗುವಾಗ ಬುಡದ ಮರಳು ಕೆದರಿಕೊಂಡು ಹೋಗುತ್ತದೆ. ಕ್ರಮೇಣ ಗೋಡೆ ಉಳಿಯುತ್ತದೆ, ಬೀಚ್ ಇರಲ್ಲ. ಗೋಡೆ ಮುಗಿದ ಕಡೆ, ಪಕ್ಕದ ಕೇರಿಯ ಎದುರು ಕೊರೆತ ಜಾಸ್ತಿಯಾಗುತ್ತದೆ. ಆಗ ಅವರೂ ಕಲ್ಲು ಕೇಳಬೇಕು. ಇನ್ನು ದೋಣಿ ಮೇಲೆ ಎಳೆಯುವುದು ಎಲ್ಲಿಂದ? ರಂಪಣಿ ಬಲೆ ಎಳೆಯಲು ನಲವತ್ತು ಐವತ್ತು ಜನ ಸಾಲಾಗಿ ನಿಲ್ಲುವ ಜಾಗ ಬೇಕು. ಬಂಡೆ ಮೇಲೆ ನಿಂತು ಬಲೆ ಎಳೀತಾರಾ?

ಈಗ ನನ್ನ ತಪ್ಪು.

ಕೆಲವು ವರ್ಷದ ಹಿಂದೆ ಒಂದು ಬೀಚ್ ಸ್ವಚ್ಛತೆ ಕಾರ್ಯಕ್ರಮಕ್ಕೆ ನಾವೊಂದಿಷ್ಟು ಜನ ಹೆಂಗಸರು ಹೋಗಿದ್ದೆವು. ಟೋಪಿ, ಗ್ಲೌಸು, ಬ್ಯಾನರು ಎಲ್ಲ ಇತ್ತು. ಬಾಟಲಿ, ಹರಿದ ಬಲೆ ತುಂಡು, ಚಪ್ಪಲಿ ಹೆಕ್ಕಿದ್ದಾಯಿತು. ಇನ್ನೂ ಹುಮ್ಮಸ್ಸು ಉಳಿದಿತ್ತು. ದಿಬ್ಬದ ಮೇಲೆ ಹಬ್ಬಿದ ಬಳ್ಳಿ ಕಳೆ ಅಂದುಕೊಂಡು ಕೀಳಲು ಶುರು ಮಾಡಿದೆವು. ಅಷ್ಟರಲ್ಲಿ ಬುಟ್ಟಿ ಹೊತ್ತು ಹೊರಟಿದ್ದ ಒಬ್ಬ ಅಜ್ಜಿ ನಿಂತಳು.

"ಎಂಥ ಮಾಡ್ತಿದ್ಯೇ ತಂಗೀ?"

"ಸ್ವಚ್ಛ ಮಾಡ್ತಿದ್ದೇವೆ ಅಮ್ಮ."

"ಬಂಗಡೆ ಬಳ್ಳಿ ಅದು. ಅದನ್ನ ಕಿತ್ರೆ ಹೊಯ್ಗೆ ನಿಮ್ಮಪ್ಪ ಹಿಡ್ಕಳ್ತಾನಾ?"

ಬುಟ್ಟಿ ಸರಿ ಮಾಡಿಕೊಂಡು ಹೋದಳು. ಅವತ್ತಿನ ಗ್ರೂಪ್ ಫೋಟೋದಲ್ಲಿ ನಾನು ಹಿಡಿದು ನಿಂತಿರುವುದು ಅದೇ ಬಳ್ಳಿಯ ರಾಶಿ. ಫೋಟೋ ಈಗಲೂ ಫೇಸ್‌ಬುಕ್ಕಿನಲ್ಲಿದೆ, ಹುಡುಕಿದರೆ ಸಿಗುತ್ತದೆ.

ಆಮೇಲೆ ಆ ಬಳ್ಳಿಯನ್ನು ಕೂತು ನೋಡಿದೆ. ನೀವೂ ಒಮ್ಮೆ ನೋಡಿ. ಎಲೆ ದಪ್ಪಗೆ, ತುದಿಯಲ್ಲಿ ಸೀಳು, ಆಡಿನ ಗೊರಸಿನ ಹಾಗೆ. ಕೆಲವು ಕಡೆ ಇದಕ್ಕೆ ಅಡುಂಬು ಬಳ್ಳಿ ಅಂತಲೂ ಅನ್ನುತ್ತಾರೆ. ಬೆಳಿಗ್ಗೆ ಹೋದರೆ ನೇರಳೆ ಬಣ್ಣದ ಹೂವು ಅರಳಿರುತ್ತದೆ, ಬಿಸಿಲೇರಿದರೆ ಮುದುಡುತ್ತದೆ. ಬಳ್ಳಿ ಹಿಡಿದು ಮೆತ್ತಗೆ ಎತ್ತಿದರೆ ಸುಲಭಕ್ಕೆ ಬರಲ್ಲ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ನೆಲ ಹಿಡಿದಿರುತ್ತದೆ. ಗಾಳಿ ಅದರ ಮೇಲೆ ಮರಳು ಸುರಿಯುತ್ತದೆ, ಬಳ್ಳಿ ಮರಳಿನೊಳಗಿಂದ ಮತ್ತೆ ಮೇಲೆ ತಲೆ ಹಾಕುತ್ತದೆ, ಮತ್ತೆ ಮರಳು. ಹೀಗೇ ಇಂಚಿಂಚು ದಿಬ್ಬ ಏರುವುದು. ಅದರ ಮುಂದೆ ಚೂಪು ಚೂಪು ಎಲೆಯ ಒಂದು ಹುಲ್ಲೂ ಇರುತ್ತದೆ. ಅದರ ಮುಳ್ಳಿನ ಚೆಂಡು ಒಣಗಿದ ಮೇಲೆ ಗಾಳಿಗೆ ದಡದುದ್ದ ಉರುಳುತ್ತಾ ಬೀಜ ಬಿತ್ತುತ್ತದೆ. ಮಕ್ಕಳು ಅದರ ಹಿಂದೆ ಓಡಿದ್ದೇ ಓಡಿದ್ದು. ಐದು ನಿಮಿಷ ಮೊಬೈಲು ಕೇಳಲಿಲ್ಲ.

ಎರಡನೇ ದಿನ ರೆಸಾರ್ಟ್ ಬಿಡಿಸಿಕೊಂಡು ಎಲ್ಲರನ್ನೂ ಕಾರವಾರದ ಕಡೆ ಕರೆದುಕೊಂಡು ಹೋದೆ. ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಹತ್ತಿ ಇಳಿದಾಯಿತು. ಮಕ್ಕಳಿಗೆ ಅದೇ ದೊಡ್ಡ ಖುಷಿ. ರವೀಂದ್ರರು 1883ರಲ್ಲಿ ಇಲ್ಲಿ ಬಂದಿದ್ದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅವರು ನೋಡಿದ ದಡಕ್ಕೂ ನಾವು ನೋಡುವ ದಡಕ್ಕೂ ತುಂಬಾ ದೂರ ಬಿಡಿ. ಅಲ್ಲಿಂದ ಕಾಳಿ ನದಿ ದಾಟಿದೆವು. ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಿತ್ತಲ್ಲ, ಆ ಜಾಗ ಬಂದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ದೇವಬಾಗದಲ್ಲಿ ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ಮರಳಿನ ನಾಲಿಗೆ. ಅದರ ಮೇಲೆ ಗಾಳಿಮರದ (ಕ್ಯಾಸುರಿನಾ) ತೋಪು. ಎಲ್ಲರಿಗೂ ಅದು ಇಷ್ಟ, ನನಗೂ. ಮಧ್ಯಾಹ್ನ ಅದರಡಿ ಮಲಗಿದರೆ ಆ ಸುಂಯ್ ಸದ್ದಿಗೇ ನಿದ್ದೆ ಬರುತ್ತದೆ. ಆದರೆ ಗಾಳಿಮರ ಈ ಊರಿನದಲ್ಲ. 1868ರ ಹೊತ್ತಿಗೆ ಸೌದೆಗಾಗಿ ತಂದು ನೆಟ್ಟಿದ್ದು ನಮ್ಮ ಕಾರವಾರದಲ್ಲೇ. ತೋಪಿನೊಳಗೆ ನೆಲ ನೋಡಿ: ಉದುರಿದ ಕಡ್ಡಿಯಂಥ ಎಲೆಗಳ ಹಾಸು, ಅದರಡಿ ಬಳ್ಳಿ ಹುಲ್ಲು ಏನೂ ಏಳಲ್ಲ. ಗಾಳಿ ತಡೆಯುತ್ತದೆ, ನಿಜ. ಮರಳು ಹಿಡಿಯುವ ಕೆಲಸದಲ್ಲಿ ಬಂಗಡೆ ಬಳ್ಳಿಗೆ ಸಮ ಅಲ್ಲ. ದಡದ ತುದಿಯಲ್ಲಿ ಬೇರು ಮೇಲಾಗಿ ಬಿದ್ದ ಗಾಳಿಮರಗಳನ್ನು ಎಷ್ಟು ಕಡೆ ನೋಡಿಲ್ಲ ನಾವು?

ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ತಿಳಮಾತಿ. ಎಳ್ಳಿನ ಹಾಗೆ ಕಪ್ಪು ಮರಳು, ಹೆಸರೂ ಅದರದ್ದೇ. ಬರುವಾಗ ಮಗು ಒಂದು ಮುಷ್ಟಿ ಕಿಸೆಗೆ ಹಾಕಿಕೊಂಡಿತ್ತು. ಮನೆಗೆ ಬಂದ ಮೇಲೆ ವಾಷಿಂಗ್ ಮಷೀನಿನಲ್ಲಿ ಸಿಕ್ಕಿತು.

ಆದರೆ ನಾನು ನಿಜವಾಗಿ ತೋರಿಸಬೇಕೆಂದಿದ್ದು ಹೊನ್ನಾವರದ ಕಾಸರಕೋಡ. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರು ಶುದ್ಧ, ಶೌಚಾಲಯ ಇದೆ, ಕಾವಲಿಗೆ ಜನ ಇದ್ದಾರೆ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೆಲ್ಲ ಸಣ್ಣ ಮಾತಲ್ಲ. ನಾವು ಬೇಲಿ ಹಾಕಿದ ಜಾಗ ಬಿಟ್ಟು ದಕ್ಷಿಣಕ್ಕೆ, ಅಪ್ಸರಕೊಂಡದ ದಿಕ್ಕಿಗೆ ನಡೆದೆವು. ಬೆಳಗಿನ ಇಳಿತದ ಹೊತ್ತು. ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು, ರಂಗೋಲಿ ಚುಕ್ಕಿಯ ಹಾಗೆ, ಸಾವಿರಗಟ್ಟಲೆ. ಸಣ್ಣ ಏಡಿಗಳು ಮರಳು ಬಾಯಿಗೆ ಹಾಕಿಕೊಂಡು, ಬೇಕಾದ್ದು ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಟ್ಟದ್ದು. ಮುಂದಿನ ಭರತಕ್ಕೆ ಎಲ್ಲ ಅಳಿಸಿ ಹೋಗುತ್ತದೆ.

ಈ ದಡಗಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಆಲಿವ್ ರಿಡ್ಲಿ ಜಾತಿಯವು. ರಾತ್ರಿ ಬಂದು ಭರತದ ಗೆರೆಗಿಂತ ಮೇಲೆ, ದಿಬ್ಬದ ಬುಡದಲ್ಲಿ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತವೆ. ಮರಿ ಹೊರಬರಲು 45ರಿಂದ 60 ದಿನ. ಹೊರಬಂದ ಮರಿ ಬೆಳಕಿದ್ದ ಕಡೆ ಹೊರಡುತ್ತದೆ. ಹಿಂದೆ ಎತ್ತರದ ಕತ್ತಲ ದಿಬ್ಬ, ಮುಂದೆ ಹೊಳೆಯುವ ನೀರು ಇದ್ದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ದಿಬ್ಬ ತೆಗೆದು ಅಲ್ಲಿ ಫ್ಲಡ್‌ಲೈಟ್ ಹಾಕಿದರೆ ಅದು ಸಮುದ್ರಕ್ಕೆ ಬೆನ್ನು ಹಾಕಿ ರೆಸಾರ್ಟಿನ ಲಾನಿಗೆ ಹೋಗುತ್ತದೆ.

ದಿಬ್ಬದ ಹಿಂದೆ ಮೀನುಗಾರರ ಮನೆಗಳು. ಒಂದು ಮನೆಯಲ್ಲಿ ಮಕ್ಕಳಿಗೆ ನೀರು ಕೇಳಿದೆವು. ಆ ಅಕ್ಕ ಬಾವಿಯಿಂದ ಸೇದಿ ಕೊಟ್ಟಳು. ಅಣ್ಣನ ಮಗ ಅನುಮಾನದಲ್ಲೇ ಕುಡಿದ. "ಅತ್ತೆ, ಸಿಹಿ ಇದೆ!" ಅಂದ. ಸಮುದ್ರಕ್ಕೆ ಹೆಚ್ಚೆಂದರೆ ಇನ್ನೂರು ಹೆಜ್ಜೆ ಅಷ್ಟೆ. ಮಳೆ ನೀರು ಮರಳಿನಲ್ಲಿ ಇಂಗಿ ಕೆಳಗೆ ಉಪ್ಪು ನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ, ಸಿಹಿ ನೀರು ಹಗುರ ಅಲ್ವಾ. ದಿಬ್ಬ ಹೋದರೆ ಆ ನೀರೂ ಹೋಗುತ್ತದೆ, ಬಾವಿ ಉಪ್ಪಾಗುತ್ತದೆ. ಅವನು ಇಂಜಿನಿಯರ್. ಎರಡು ದಿನ ನಾನು ಹೇಳಿದ್ದಕ್ಕೆಲ್ಲ ಹೂಂ ಅಂದವನು ಈ ಒಂದು ಚೊಂಬು ನೀರಿಗೆ ಸುಮ್ಮನಾದ. ದಾರಿಯುದ್ದಕ್ಕೂ ಪ್ರಶ್ನೆ ಕೇಳಿದ.

ಅವನು ಕೇಳಿದ ಒಂದು ಪ್ರಶ್ನೆ: "ಇದಕ್ಕೆ ಕಾನೂನು ಇಲ್ವಾ?" ಇದೆಯಪ್ಪ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರದ್ದು. ಚಂದಕ್ಕಾಗಿ, ಮೋಜಿಗಾಗಿ ಮರಳ ದಿಬ್ಬ ಸಮ ಮಾಡುವುದು, ಬದಲಿಸುವುದು ನಿಷಿದ್ಧ ಅಂತ ಅದರಲ್ಲೇ ಇದೆ. 2011ರಲ್ಲಿ, 2019ರಲ್ಲಿ ಹೊಸದಾಗಿ ಬರೆದಾಗಲೂ ದಿಬ್ಬಗಳನ್ನು ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ. ಕಾಗದದಲ್ಲಿ ಗಟ್ಟಿಯಾಗಿಯೇ ಇದೆ. ದಿಬ್ಬದ ತೊಂದರೆ ಏನೆಂದರೆ ಅದಕ್ಕೆ ಸರ್ವೆ ಕಲ್ಲಿಲ್ಲ. ಒಂದು ಭಾನುವಾರ ಜೆಸಿಬಿ ಬಂದು ಹೋದರೆ ಸೋಮವಾರ ಅಲ್ಲಿ ದಿಬ್ಬ ಇತ್ತು ಅಂತ ಯಾರು ಹೇಳುವುದು?

ರೆಸಾರ್ಟೇ ಬೇಡ ಅನ್ನುವವಳಲ್ಲ ನಾನು. ನಮ್ಮ ಯಜಮಾನರ ಚಿಕ್ಕಪ್ಪನ ಮಗನೇ ಹೋಂಸ್ಟೇ ನಡೆಸುತ್ತಾನೆ. ಮೀನುಗಾರಿಕೆ ನಿಷೇಧದ ಜೂನ್ ಜುಲೈ 61 ದಿನ ಕೈಯಲ್ಲಿ ಕಾಸಿಲ್ಲದ ಮನೆಗಳಿಗೆ ಈ ಕೆಲಸಗಳು ಬೇಕು. ಅವನು ಮಾಡಿದ್ದು ಸುಲಭದ ಉಪಾಯ. ಮನೆ ದಿಬ್ಬದ ಹಿಂದೆಯೇ ಇದೆ. ದಿಬ್ಬದ ಮೇಲೆ ಕಾಲಿಡದ ಹಾಗೆ ಅಡಿಕೆ ದಬ್ಬೆಯ ಕಾಲುದಾರಿ ಎತ್ತರಿಸಿ ಮಾಡಿಸಿದ್ದಾನೆ. ತುದಿಯಲ್ಲಿ ಒಂದು ಬೆಂಚು. ಸೀ ವ್ಯೂ ಬೇಕಾದವರು ಐವತ್ತು ಹೆಜ್ಜೆ ನಡೆದು ಅಲ್ಲಿ ಕೂರಬೇಕು. ಒಂದಿಬ್ಬರು ರಿವ್ಯೂನಲ್ಲಿ ಎರಡು ಸ್ಟಾರ್ ಕೊಟ್ಟಿದ್ದಾರೆ, ಕೊಡಲಿ. ಅವನ ಮೆಟ್ಟಿಲು ಯಾವುದೂ ನೇತಾಡುತ್ತಿಲ್ಲ.

ಬರುವವರಿಗೆ ಇನ್ನೊಂದು ಮಾತು, ಇದು ದಿಬ್ಬದ್ದಲ್ಲ, ನೀರಿನದ್ದು. ಅಲೆ ಮುರಿಯದೆ ಸಮಾಧಾನವಾಗಿ ಕಾಣುವ ಪಟ್ಟಿ ನೋಡಿ, ಇಲ್ಲಿ ಮಕ್ಕಳನ್ನು ಇಳಿಸಬಹುದು ಅಂದುಕೊಳ್ಳಬೇಡಿ. ದಡಕ್ಕೆ ಬಂದ ನೀರು ವಾಪಸು ಹೋಗುವ ಕಾಲುವೆ ಬಹಳ ಸಲ ಅದೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಎದುರು ಈಜಬಾರದು, ಪಕ್ಕಕ್ಕೆ ಈಜಬೇಕು. ನದಿ ಸಮುದ್ರ ಸೇರುವ ಅಳಿವೆ ಹತ್ತಿರವಂತೂ ಇಳಿಯಲೇಬೇಡಿ. ಕಾವಲಿನವರು ಸೀಟಿ ಊದಿದರೆ ಜಗಳ ಮಾಡದೆ ಹೊರಗೆ ಬನ್ನಿ.

ಅಣ್ಣನ ಮಗ ಮೊನ್ನೆ ಫೋನ್ ಮಾಡಿದ್ದ. ಮುಂದಿನ ನವೆಂಬರಿಗೆ ಗೆಳೆಯರನ್ನೂ ಕರೆದುಕೊಂಡು ಬರ್ತಾನಂತೆ, ಧಾರೇಶ್ವರದಿಂದ ದಡ ಹಿಡಿದು ನಡೆಯಬೇಕಂತೆ. ನಾನೂ ಹೊರಡುವವಳೇ. ಬರುವವರಿದ್ದರೆ ಹೇಳಿ. ಬೆಳಿಗ್ಗೆ ಆರಕ್ಕೆ ಹೊರಡಬೇಕು, ಇಳಿತದ ಹೊತ್ತು ನೋಡಿಕೊಂಡು. ಕುಡಿಯುವ ನೀರು ತನ್ನಿ. ಬರಿಗಾಲಲ್ಲಿ ಬರುತ್ತೇವೆ ಅನ್ನಬೇಡಿ, ಆ ಹುಲ್ಲಿನ ಮುಳ್ಳು ಚುಚ್ಚಿದರೆ ಎರಡು ದಿನ ಬಿಡಲ್ಲ.