ಕಂಬಳಿ ಕವಚದ ಕೇಸು

ಒಬ್ಬ ಕಥೆ ಹೇಳಿ, ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ದಾಳ ಉರುಳಿಸುತ್ತ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದಲ್ಲಿ ಪುಕ್ಕಟೆ ಸಿಗುವುದು ಒಂದೇ: ವೇಷ. ಕತ್ತಿಗೆ ದುಡ್ಡು ಬಿಚ್ಚಬೇಕು, ಕುದುರೆಗೆ ಬಿಚ್ಚಬೇಕು, 50 ಅಡಿ ಸೆಣಬಿನ ಹಗ್ಗಕ್ಕೂ ಒಂದು ಚಿನ್ನದ ನಾಣ್ಯ ಇಡಬೇಕು. ಆದರೆ ಕೊಂಡ ಮೇಲೆ ಅದು ನೋಡಲು ಹೇಗಿದೆ ಅನ್ನುವುದು ಆಟಗಾರನ ಬಾಯಿಗೆ ಬಿಟ್ಟದ್ದು. ಪಾತ್ರದ ವಿವರ ಬರೆದ ಹಾಳೆಯಲ್ಲಿ ಬ್ಯಾಟಲ್‌ಆಕ್ಸ್ ಎಂದಿದ್ದಲ್ಲಿ ನಮ್ಮ ಕಟ್ಟಿಗೆ ಒಡೆಯುವ ಕೊಡ್ಲಿ ಅನ್ನಿ, ಉರುಳುವುದು ಅದೇ ಎಂಟು ಮುಖದ ದಾಳ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದ ಐದನೇ ಆವೃತ್ತಿ ಬಂದದ್ದು 2014ರಲ್ಲಿ. ಅದರ ನಿಯಮದ ಪುಸ್ತಕವೇ ಇದಕ್ಕೆ ದಾರಿ ಬಿಟ್ಟಿದೆ: ದೊಣ್ಣೆಯ ಲೆಕ್ಕ ಹಾಗೇ ಇರಲಿ, ಸರಪಳಿ ಹಾಕಿದ ಎರಡು ಕಟ್ಟಿಗೆ ತುಂಡು ಅಂತ ಕರೆಯಿರಿ, ಕುಡುಗೋಲಿನ ಲೆಕ್ಕ ಹಾಗೇ ಇರಲಿ, ಜಪಾನಿನ ಕಾಮಾ ಅನ್ನಿ. ಜಪಾನಿಗೆ ಕೊಟ್ಟ ಪರವಾನಗಿ ಹುಬ್ಬಳ್ಳಿಗೆ ಯಾಕಿಲ್ಲ?

ವಿದ್ಯಾನಗರದ ನಮ್ಮ ಮನೆಯಲ್ಲಿ ರವಿವಾರ ಮಧ್ಯಾಹ್ನ ಆಟ. ಕಥೆ ಹೇಳುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ಮೊದಲೆಲ್ಲ ನಾನು 'ಹಾಲ್ಬರ್ಡ್' ಅಂತ ಒಂದು ಆಯುಧದ ಹೆಸರು ಹೇಳಿದರೆ ನಾಲ್ಕು ಜನ ಮೊಬೈಲ್ ತೆಗೆದು ಅದರ ಚಿತ್ರ ಹುಡುಕುತ್ತಿದ್ದರು, ಅಷ್ಟರಲ್ಲಿ ರಾಕ್ಷಸ ಓಡಿಹೋಗಿರುತ್ತಿದ್ದ. ಹಂಗಾಗಿ ಎಲ್ಲರೂ ತಮ್ಮ ಸಾಮಾನನ್ನು ತಮ್ಮೂರಿನ ವೇಷಕ್ಕೆ ಹೊಂದಿಸಿಕೊಳ್ಳಬಹುದು ಅಂತ ಸಾರಿದೆ.

ಮೊದಲು ಎದ್ದವರು ವಕೀಲರು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ನಮ್ಮ ದೋಸ್ತ. ಅವನ ಪಾತ್ರ ಫೈಟರ್, ಅಂದರೆ ಕಾದಾಳು; ಅದರ ಮೈಮೇಲೆ ಚೈನ್ ಮೇಲ್, ಅಂದರೆ ಉಕ್ಕಿನ ಬಳೆ ಹೆಣೆದ ಅಂಗಿ. ರಕ್ಷಣೆಯ ಅಂಕ 16, ತೂಕ 55 ಪೌಂಡು. ಅದನ್ನು ಅವನು ರಾಣೆಬೆನ್ನೂರು ಕಡೆಯ ಕುರಿಗಾಹಿಯ ಕರಿ ಕಂಬಳಿ ಮಾಡಿಕೊಂಡ. ತಲೆ ಮೇಲೆ ಕೊಪ್ಪಿ ಹಾಕಿ ನಿಂತ ಯೋಧ. ಕೇಳಲಿಕ್ಕೆ ಚಂದ ಇತ್ತು. ನಾನೂ ಖುಷಿಯಾದೆ.

ಆ ಖುಷಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸಗಳಿದ್ದ ಗುಹೆಯ ಬಾಗಿಲ ತನಕ ಬಾಳಿತು. ಚೈನ್ ಮೇಲ್ ಖಣಖಣ ಅನ್ನುತ್ತದೆ, ಆದ್ದರಿಂದ ಕದ್ದು ನಡೆಯುವಾಗ ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನೇ ಹಿಡಿಯಬೇಕು. ವಕೀಲ ಒಂದೇ ಸಲ ಹಾಕಿ ಕೈ ಕಟ್ಟಿ ಕುಂತ.

"ಇನ್ನೊಮ್ಮೆ ಹಾಕಪಾ."

"ಯಾಕ? ಕಂಬಳಿ ಸಪ್ಪಳ ಮಾಡತೈತೇನು?"

"ವೇಷ ಅಷ್ಟ ಕಂಬಳಿ. ಲೆಕ್ಕ ಚೈನ್ ಮೇಲಿಂದು."

"ಅಂದ್ರ ನನ್ನ ಕಂಬಳಿ 25 ಕಿಲೋ ತೂಕ ಐತಿ ಅಂತೀ?"

"ಮಳ್ಯಾಗ ತೋಯ್ದೈತಿ ಅಂತ ತಿಳಕೋ."

"ತೋಯ್ದ ಕಂಬಳಿ ಅಂತೂ ಪಿಟ್ ಅನ್ನೂದಿಲ್ಲ, ಮಹಾಸ್ವಾಮಿ!"

ಉಳಿದವರು ಅವನ ಕಡೆ ವಾಲಿದರು. ಇಲ್ಲಿಯೇ ಇದೆ ನೋಡಿ ಈ ವೇಷದ ನಿಜವಾದ ತಂಟೆ. ಚೈನ್ ಮೇಲ್ ಅಂತ ಇದ್ದಾಗ ಒಬ್ಬನೂ ಚಕಾರ ಎತ್ತಿರಲಿಲ್ಲ, ಯಾಕಂದರೆ ಅದನ್ನು ತೊಟ್ಟವರು ನಮ್ಮ ಪೈಕಿ ಯಾರೂ ಇಲ್ಲ. ಪುಸ್ತಕ ಹೇಳಿದ್ದೇ ವೇದ. ಕಂಬಳಿ ಅಂದ ಕೂಡಲೆ ಪ್ರತಿಯೊಬ್ಬನೂ ಪಂಡಿತ. ಅಜ್ಜ ಹೊದ್ದಿದ್ದ, ಕಾಕಾ ಹಾಸಿದ್ದ, ಕಡಿಯುತ್ತದೆ, ನೀರು ಇಳಿಯಗೊಡುವುದಿಲ್ಲ, ಕಿಡಿ ಬಿದ್ದರೆ ಕಮಟು ವಾಸನೆ. ಹೊಸ ವೇಷದ ಜೊತೆ ಇಡೀ ಊರಿನ ಸಾಕ್ಷಿದಾರರು ಬಂದು ಕುಂತಿರುತ್ತಾರೆ.

ಕಡೆಗೆ ನಾನು ತೀರ್ಪು ಕೊಟ್ಟೆ: ಕಂಬಳಿಯ ಅಂಚಿಗೆ ಕುರಿ ಕೊರಳಿನ ಗಂಟೆ ಕಟ್ಟಿವೆ, ಸಪ್ಪಳ ಆಗುತ್ತದೆ, ಹಾಕು ದಾಳ. ವಕೀಲ ಹಾಕಿದ, 3 ಬಿತ್ತು. ಸುಮ್ಮನಾದನೇ? "ಗಂಟಿ ಸಪ್ಪಳ ಕೇಳಿದ ಗಾಬ್ಲಿನ್‌ಗಳು ಮನಷ್ಯಾ ಬಂದ ಅಂತ ಯಾಕ ತಿಳಕೋತಾವ? ಕುರಿ ಬಂತು ಅಂತಾವ." ಉತ್ತರ ನನ್ನ ಹತ್ತಿರ ಇರಲಿಲ್ಲ. ಗಾಬ್ಲಿನ್‌ಗಳು ಊಟ ಬಂತೆಂದು ಚೂರಿ ಮಸೆಯುತ್ತ ಹೊರಗೆ ಬಂದವು, ನಮ್ಮವರು ಬಾಗಿಲ ಹಿಂದೆ ಕಾದು ಬಾರಿಸಿದರು.

ಡ್ರೂಯಿಡ್, ಅಂದರೆ ಕಾಡಿನ ಮಂತ್ರಗಾರ, ಆಡುವವನದು ಸಣ್ಣ ತಕರಾರು. ಡ್ರೂಯಿಡ್ ಲೋಹದ ಗುರಾಣಿ ಮುಟ್ಟುವುದಿಲ್ಲ ಅಂತ ಅದೇ ಪುಸ್ತಕದಲ್ಲಿದೆ. ರೊಟ್ಟಿ ಹಂಚನ್ನೇ ಗುರಾಣಿ ಮಾಡಿಕೊಂಡಿದ್ದ ಅವನು ಮಣ್ಣಿನ ಹಂಚಿಗೆ ಇಳಿದ. ಅದು ಒಡೆಯುವುದಿಲ್ಲವೇ ಎಂದು ಯಾರೂ ಕೇಳದಿರಲಿ ಅಂತ ನಾನು ಲಗುಬಗೆಯಿಂದ ಚಹಾ ತರಿಸಿದೆ.

ಕಾಲೇಜಿನಲ್ಲಿ ಗಣಿತ ಕಲಿಸುವ ಗೆಳತಿ ತಾನು ಆಡುವ ಕಳ್ಳಿ ಪಾತ್ರದ ಚರ್ಮದ ಕವಚಕ್ಕೆ ಕಸೂತಿ ಬೇಕೆಂದಳು. ಗೋಪುರ, ತೇರು, ತುಳಸಿ ಕಟ್ಟೆ ಎಲ್ಲ ಪಟ್ಟಿ ಮಾಡಿದಳು. ಆಮೇಲೆ ತಾನೇ ತಡೆದಳು: ಕಸೂತಿ ಹಾಕುವುದು ಬಟ್ಟೆಯ ಎಳೆ ಎಣಿಸಿ, ಚರ್ಮದಲ್ಲಿ ಎಳೆ ಎಲ್ಲಿಂದ ಬರಬೇಕು? ಹಾಗಾಗಿ ಚರ್ಮ ಹೋಗಿ ಪದರು ಪದರಿನ ಕೌದಿ ಬಂತು, ಮೇಲಿನ ಪದರಿಗೆ ಕಸೂತಿ. ಇದು ಅಷ್ಟೇನೂ ಹುಚ್ಚು ಮಾತಲ್ಲ, ಹತ್ತಿ ತುಂಬಿ ಹೊಲಿದ ಕವಚಗಳನ್ನು ನಮ್ಮ ದೇಶದ ಸೈನಿಕರು ನಿಜವಾಗಿಯೂ ತೊಡುತ್ತಿದ್ದರು. ಪೇಟೆಯಲ್ಲಿ ಕಾವಲುಗಾರರು ಬೆನ್ನು ಹತ್ತಿದಾಗ ಅವಳು ಮೇಲಿನ ಪದರು ಬಿಚ್ಚಿ ತಿರುವಿ ಹಾಕಿ ಬೇರೆಯವಳಂತೆ ನಡೆದುಬಿಡುವ ಉಪಾಯ ಹೂಡಿದಳು. ಆದರೆ ಆ ಪದರಿಗೆ ಒಳಗೂ ಹೊರಗೂ ಒಂದೇ ತರಹ ಕಾಣುವ ಗವಂತಿ ಹೊಲಿಗೆ ಹಾಕಿಸಿದ್ದಾಳೆ, ತಿರುವಿದರೂ ಅದೇ ತೇರು. ಅದನ್ನು ಎತ್ತಿ ತೋರಿಸಿದವ ಯಾರು ಅಂತ ಹೇಳಬೇಕಿಲ್ಲ. ಕಳ್ಳಿಗೆ ಎರಡು ದಿನ ಸೆರೆಮನೆ ಆಯಿತು, ವಕೀಲನಿಗೆ ಇನ್ನೂ ಅವಳು ಪೇಢೆ ಕೊಡುವುದಿಲ್ಲ.

ಇವೆಲ್ಲದರ ಮಧ್ಯೆ ಅವ್ವ ಆಟಕ್ಕೆ ಇಳಿಯುತ್ತಾಳೆ ಅಂತ ನನಗೆ ಅಂದಾಜಿರಲಿಲ್ಲ. ಮಂತ್ರವಾದಿಗೆ ಮಂತ್ರದ ಸಾಮಾನು ಇಡಲು ಅರೆ ಅರೆ ಮಾಡಿದ ಸೊಂಟದ ಚೀಲ ಬೇಕು, ಬೆಲೆ 25 ಚಿನ್ನದ ನಾಣ್ಯ. ಔಷಧಿ ಅಂಗಡಿಯ ಗೆಳೆಯ ಅದನ್ನು ಎಲೆ ಅಡಿಕೆ ಚಂಚಿ ಮಾಡಿದ. ಚುರುಮುರಿ ತಂದಿಟ್ಟು ಹೊರಟಿದ್ದ ಅವ್ವ ನಿಂತಳು. ಅವಳ ಅತ್ತಿಯ ಚಂಚಿ ಇನ್ನೂ ಟ್ರಂಕಿನಲ್ಲಿದೆ.

"ಒಳಗ ಏನೇನ್ ಇಟ್ಟೀಯೋ ತಮ್ಮಾ?"

ಅವನು ಭಕ್ತಿಯಿಂದ ಓದಿದ. ಬೆಂಕಿ ಸಿಡಿಸುವ ಫೈರ್‌ಬಾಲ್ ಮಂತ್ರಕ್ಕೆ ಬೇಕಾದದ್ದು ಬಾವಲಿ ಹಿಕ್ಕೆ ಮತ್ತು ಗಂಧಕದ ಉಂಡೆ. ಅದು ನಿಯಮದಲ್ಲೇ ಇದೆ, ಹುಡುಗನದೇನೂ ತಪ್ಪಿಲ್ಲ.

"ಥೂ! ಎಲಿ ಇಡೂ ಚಂಚ್ಯಾಗ ಹಿಕ್ಕಿ? ಬ್ಯಾರೆ ಅರಿ ಹೊಲಿಸು. ಮತ್ತ ಸುಣ್ಣದ ಡಬ್ಬಿ ಎಲ್ಲೈತಿ?"

ಸುಣ್ಣದ ಡಬ್ಬಿ ಹಾಳೆಗೆ ಸೇರಿತು. ಹಾಳೆಗೆ ಸೇರಿದ ಮೇಲೆ ಆಟಗಾರ ಸುಮ್ಮನಿರುವುದುಂಟೆ? ಮುಂದಿನ ಕಾಳಗದಲ್ಲಿ ಗಾಬ್ಲಿನ್ ಕಣ್ಣಿಗೆ ಸುಣ್ಣ ಎರಚಿದ. ಪುಸ್ತಕದಲ್ಲಿ ಸುಣ್ಣದ ಸುದ್ದಿಯೇ ಇಲ್ಲ. ದಾಳದಲ್ಲಿ 12 ಅಥವಾ ಹೆಚ್ಚು ಬಿದ್ದರೆ ಗಾಬ್ಲಿನ್ ಪಾರು ಅಂತ ಒಂದು ಅಂಕಿ ಹೇಳಿದೆ. ಅಡುಗೆಮನೆಯಿಂದ ದನಿ ಬಂತು:

"ಹನ್ನೆರಡು ಕಡಿಮಿ ಆತು. ಕಣ್ಣಾಗ ಸುಣ್ಣ ಬಿದ್ದಾವ್ರನ್ನ ನಾ ನೋಡೇನಿ. ಹದಿನೈದು ಮಾಡು."

ಮಾಡಿದೆ. ಗಾಬ್ಲಿನ್‌ಗೆ ಬಿದ್ದದ್ದು 14. ವಕೀಲ ಆಗಲೇ ತನ್ನ ಹಾಳೆಯಲ್ಲಿ ಕಂಬಳಿಯ ಕೆಳಗೆ ಬರೆದುಕೊಂಡಿದ್ದ: ಸುಣ್ಣದ ಡಬ್ಬಿ, ದೊಡ್ಡದು.