ಚಿತ್ರ ಗೋಡೆಯಲ್ಲೇ ಕರಗಿಹೋದರೆ?

ಮನೆ ಗೋಡೆಗೆ ಚಿತ್ರ ಆರಿಸೋದರ ಬಗ್ಗೆ ನಿಮ್ಮ ಲೇಖನ ಓದಿದೆ. ಗೋಡೆಯ ಬಣ್ಣವೇ ಚಿತ್ರದಲ್ಲೂ ಇರಬೇಕು ಅಂತ ಬರೆದಿದ್ದೀರಿ. ಹಾಗೆ ಮಾಡಿದರೆ ಚಿತ್ರ ಗೋಡೆಯಲ್ಲೇ ಕರಗಿಹೋಗುತ್ತದೆ, ಅಲ್ವಾ? ಚಿತ್ರದುರ್ಗದ ನಮ್ಮ ಮನೆ ಹಾಲ್‌ಗೆ ತಿಳಿ ಹಳದಿ ಬಣ್ಣ. ಅಲ್ಲಿ ಕೋಟೆಯ ದೊಡ್ಡ ಫೋಟೊ ಹಾಕಿದ್ದೇವೆ. ಬೂದು ಬಂಡೆಗಳು, ಮೇಲೆ ಕಡು ನೀಲಿ ಆಕಾಶ. ಹಳದಿ ಗೋಡೆ ಮೇಲೆ ಆ ನೀಲಿ ಎಷ್ಟು ಎದ್ದು ಕಾಣುತ್ತೆ ಅಂದ್ರೆ, ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹೊಂದಿಸಲೇಬೇಕು ಅನ್ನುವವರಿಗೆ ದಿಂಬಿನ ಕವರ್‌ನಲ್ಲಿ ಅದೇ ನೀಲಿ ಇದ್ದರೆ ಸಾಕು. ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ ಅಂದ್ರೆ ಮೊದಲು ಚಿತ್ರ ತನ್ನಿ, ಬಣ್ಣ ಆರಿಸುವ ಶೇಡ್ ಕಾರ್ಡ್ ಆಮೇಲೆ ನೋಡಿ.

ಬೆಳಕಿನ ಮಾತನ್ನೇ ನೀವು ಎತ್ತಿಲ್ಲ. ಬೆಳ್ಳಗಿನ ಟ್ಯೂಬ್‌ಲೈಟ್ ಕೆಳಗೆ ಕೆಂಪು, ಕಂದು ಸಪ್ಪೆಯಾಗುತ್ತವೆ. ಹಳದಿ ಬಲ್ಬ್ ಹಾಕಿದರೆ ಅವೇ ಕಳೆಗಟ್ಟುತ್ತವೆ. ಹಾಗಾಗಿ ಚಿತ್ರ ಕೊಳ್ಳುವಾಗ ಅಂಗಡಿ ಲೈಟಿಗೆ ಸುಮ್ನೆ ಮರುಳಾಗಬೇಡಿ, ಮನೆ ಬೆಳಕಲ್ಲಿ ಅದು ಬೇರೆ ಥರ ಕಾಣಬಹುದು.